ಗಾಜಪ್ಪ ಕೂರಿಸಿದ ಗಾಜು

ಭಾವ ಅಂಗಡಿಗೆ ಬಂದರೆಂದರೆ ಗಾಜಪ್ಪನಿಗೆ ಅರ್ಧ ಸಂತೋಷ, ಅರ್ಧ ಕಿರಿಕಿರಿ. ಅಕ್ಕನ ಗಂಡ, ಮನೆಯ ಸುದ್ದಿ ತರುತ್ತಾರೆಂದು ಸಂತೋಷ. ಕಾಲೆಳೆಯದೆ ಒಂದು ಲೋಟ ನೀರು ಕೂಡ ಕುಡಿಯುವವರಲ್ಲ ಎಂದು ಕಿರಿಕಿರಿ. ಕಾರುಗಳಿಗೆ ಗಾಜು ಕೂರಿಸುವ ಭಾಮೈದನಿಗೆ ಗಾಜಪ್ಪ ಎಂದು ಹೆಸರಿಟ್ಟವರೂ ಅವರೇ. ಈಗ ಹೆತ್ತ ತಾಯಿಯೂ ಅವನನ್ನು ಹಾಗೆಯೇ ಕರೆಯುತ್ತಾಳೆ. ಭಾವನಿಗೆ ಬೈಯಲು ಬರುತ್ತಿತ್ತು, ನಗಿಸಲು ಬರುತ್ತಿತ್ತು, ಹೊಗಳಲು ಮಾತ್ರ ಬಾಯೇ ಬರುತ್ತಿರಲಿಲ್ಲ. ಭಾಮೈದನ ಕೆಲಸ ಚೆನ್ನಾಗಿದೆ ಎಂದು ಅವರು ಅಪ್ಪಿತಪ್ಪಿಯೂ ಅಂದವರಲ್ಲ.

ಅವತ್ತು ಬೆಳಿಗ್ಗೆ ಹೋಟೆಲಿನ ದೊಡ್ಡ ಕಾರನ್ನು ಅಂಗಡಿಯೊಳಕ್ಕೆ ತಂದು ನಿಲ್ಲಿಸಿದ ಭಾವನ ಮುಖ ಗಂಟು ಹಾಕಿಕೊಂಡಿತ್ತು. ಹೋಟೆಲಿಗೆ ಬರುವ ಅತಿಥಿಗಳನ್ನು ಕರೆತಂದು ಬಿಟ್ಟುಬರುವುದು ಅವರ ಕೆಲಸ. ಸ್ಟೀರಿಂಗ್ ಹಿಡಿದೇ ತಲೆ ನರೆತಿತ್ತು, ಒಂದು ಕಾರಿಗೂ ಗೀರು ಬಿದ್ದಿರಲಿಲ್ಲ. ಈ ಹೊಸ ಕಾರಂತೂ ಅವರ ಕಣ್ಮಣಿ. ಸ್ಟೀರಿಂಗಿನ ಮುಂದೆ ಅಡಗಿರುವ ಒಂದು ಪುಟ್ಟ ಯಂತ್ರ ವೇಗದ ಅಂಕಿಯನ್ನೂ ತಿರುವಿನ ಬಾಣವನ್ನೂ ಮುಂದಿನ ಗಾಜಿಗೇ ಎಸೆಯುತ್ತದೆ. ಓಡಿಸುವವನಿಗೆ ಅವು ಬಾನೆಟ್ಟಿನಾಚೆ, ರಸ್ತೆಯ ಮೇಲೆ ತೇಲುತ್ತಿರುವಂತೆ ಕಾಣುತ್ತವೆ. ತಲೆ ಬಗ್ಗಿಸುವ ಗೊಡವೆಯೇ ಇಲ್ಲ. ಹಿಂದಿನ ವಾರ ಲಾರಿಯ ಚಕ್ರದಿಂದ ಸಿಡಿದ ಕಲ್ಲು ಬಡಿದು ಆ ಗಾಜು ಬಿರುಕು ಬಿಟ್ಟಾಗ ಹೊಸದನ್ನು ಕೂರಿಸಿದವನು ಗಾಜಪ್ಪನೇ.

"ಏನಯ್ಯಾ ಇದು, ಎಂಥಾ ಗಾಜು ಹಾಕಿದ್ದೀಯ? ಅಂಕಿ ಎಲ್ಲಾ ಎರಡೆರಡು ಕಾಣ್ತಿದೆ" ಎಂದರು ಭಾವ. "ನಾನು ಐವತ್ತರಲ್ಲಿ ಹೋಗ್ತಿದ್ದೀನೋ, ಎರಡು ಐವತ್ತು ಸೇರಿ ನೂರರಲ್ಲೋ ಗೊತ್ತಾಗ್ತಿಲ್ಲ. ಹಳೇ ಚಾಳಿ ಬಿಟ್ಟಿಲ್ಲ ನೀನು."

ಹಳೇ ಚಾಳಿ ಎಂದು ಭಾವ ಚುಚ್ಚಿದ್ದು ಸುಳ್ಳಾಗಿರಲಿಲ್ಲ. ಇಂಥ ಕಾರುಗಳು ಹೊಸದಾಗಿ ಬಂದಾಗ ಗಾಜಪ್ಪ ಒಮ್ಮೆ ಸಾದಾ ಗಾಜನ್ನು ಕೂರಿಸಿಬಿಟ್ಟಿದ್ದ. ನೋಡಲು ಎರಡೂ ಒಂದೇ. ಆದರೆ ಅಂಕಿ ಮೂಡುವ ಗಾಜಿನ ಎರಡು ಪದರಗಳ ನಡುವಿನ ಹಾಳೆ ಮೇಲ್ಗಡೆ ಕೊಂಚ ದಪ್ಪ, ಕೆಳಗಡೆ ಕೊಂಚ ತೆಳುವಾಗಿರುತ್ತದೆ. ಹಾಗಿದ್ದರೆ ಮಾತ್ರ ಒಳಮೈಯ ಬಿಂಬವೂ ಹೊರಮೈಯ ಬಿಂಬವೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಸಾದಾ ಗಾಜಿನಲ್ಲಿ ಅಂಕಿಗೆ ದೆವ್ವ ಹಿಡಿದಂತೆ ಇನ್ನೊಂದು ಮೂಡುತ್ತದೆ. ಆ ಕಥೆಯನ್ನು ಭಾವ ಉಪ್ಪುಖಾರ ಹಚ್ಚಿ ಹೇಳದ ಮದುವೆ ಮನೆಯಿಲ್ಲ.

ಗಾಜಪ್ಪ ಮೊದಲು ಗಾಜಿನ ಮೂಲೆಯ ಗುರುತು ನೋಡಿದ. ಸರಿಯಾದದ್ದೇ. ಚಾಲಕನ ಸೀಟಿನಲ್ಲಿ ಕೂತು ಕಾರನ್ನು ಚಾಲೂ ಮಾಡಿದ. ಬಾನೆಟ್ಟಿನಾಚೆ ಸೊನ್ನೆಯೊಂದು ತಿಳಿಯಾಗಿ ತೇಲಿತು. ಸೀಟನ್ನು ಎತ್ತರಿಸಿದ, ತಗ್ಗಿಸಿದ, ಭಾವನ ಎತ್ತರಕ್ಕೆ ಕತ್ತು ಚಾಚಿ ನೋಡಿದ. ಒಂದೇ ಸೊನ್ನೆ.

"ನೀವು ಕೂತ್ಕೊಳ್ಳಿ ಭಾವ. ಈಗೆಷ್ಟು ಕಾಣ್ತಿದೆ?"

"ಎರಡು."

"ಒಂದರ ಕೆಳಗೊಂದಾ?"

"ಅಲ್ಲ, ಅಕ್ಕಪಕ್ಕ."

ಗಾಜಪ್ಪನ ಹಳೆಯ ತಪ್ಪಿನಲ್ಲಿ ಅಂಕಿಗಳು ಒಂದರ ಕೆಳಗೊಂದು ಇದ್ದವು. ಗಾಜಿನ ದೋಷ ಹಾಗೆಯೇ ಕಾಣುವುದು. ಇದೇನೋ ಬೇರೆ.

"ಒಂದು ಕಣ್ಣು ಮುಚ್ಚಿ."

"ಏನು ಆಟ ಆಡಿಸ್ತಿದ್ದೀಯಾ?" ಎಂದು ಗೊಣಗುತ್ತಲೇ ಭಾವ ಎಡಗಣ್ಣಿಗೆ ಅಂಗೈ ಇಟ್ಟರು. ಒಂದೇ ಸೊನ್ನೆ. ಬಲಗಣ್ಣು ಮುಚ್ಚಿದರು. ಒಂದೇ. ಎರಡೂ ಕಣ್ಣು ತೆರೆದರು. ಮತ್ತೆ ಎರಡು.

"ಗಾಜಿನ ತಪ್ಪಾಗಿದ್ರೆ ಒಂಟಿ ಕಣ್ಣಿಗೂ ಎರಡೇ ಕಾಣ್ಬೇಕಿತ್ತು ಭಾವ" ಎಂದ ಗಾಜಪ್ಪ ಮೆಲ್ಲಗೆ. "ಹೊರಗಿನ ಲೈಟ್ ಕಂಬ ನೋಡಿ. ಅದೂ ಎರಡು ಕಾಣುತ್ತಾ?"

ಭಾವ ಕಂಬದ ಕಡೆ ತಿರುಗಲೇ ಇಲ್ಲ. ಸ್ಟೀರಿಂಗನ್ನು ಬಟ್ಟೆಯಿಂದ ಒರೆಸತೊಡಗಿದರು. ಅದರ ಮೇಲೆ ಧೂಳಿರಲಿಲ್ಲ.

"ಕಂಬನೂ ಹಾಗೇ. ರಸ್ತೆ ಮೇಲಿನ ಬಿಳಿ ಗೆರೆನೂ ಹಾಗೇ" ಎಂದರು ಕೊನೆಗೆ. "ಗಾಜಿಂದೇ ಇರಬೇಕು, ಆ ಪೆದ್ದು ಮತ್ತೆ ಎಡವಟ್ಟು ಮಾಡಿರ್ತಾನೆ ಅಂತ ಅಂದ್ಕೊಂಡು ಬಂದೆ ಕಣೋ. ದಾರಿಯುದ್ದಕ್ಕೂ ಅದನ್ನೇ ಬೇಡ್ಕೊಂಡು ಬಂದೆ."

ಗಾಜಪ್ಪ ಗಾಜಿನ ಮೂಲೆಯ ಗುರುತನ್ನು ಮತ್ತೊಮ್ಮೆ ನೋಡಿದ. ತನ್ನ ತಪ್ಪೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಮಧ್ಯಾಹ್ನದೊಳಗೆ ಬೇರೆ ಗಾಜು ಹಾಕಿ ಕೈ ತೊಳೆದುಕೊಳ್ಳಬಹುದಿತ್ತು.

ಭಾವ ಅವನ ತೋಳು ಹಿಡಿದರು. "ಮ್ಯಾನೇಜರಿಗೆ ಗಾಜು ಸರಿಯಿಲ್ಲ ಅಂತ ಹೇಳಿಬಿಡು. ಕಣ್ಣು ಅಂತ ಗೊತ್ತಾದ್ರೆ ನಾಳೆಯಿಂದ ನನ್ನ ಸೀಟಲ್ಲಿ ಬೇರೆಯವನು ಕೂರ್ತಾನೆ. ಆಮೇಲೆ ನಾನು ಯಾರು ಹೇಳು? ಬೇರೆ ಯಾವ ಕೆಲಸ ಗೊತ್ತು ನಂಗೆ?"

ಗಾಜಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಆ ಹೋಟೆಲಿನ ಕಾರುಗಳೆಲ್ಲ ಅವನ ಅಂಗಡಿಗೇ ಬರುತ್ತವೆ. ಹಳೆಯ ತಪ್ಪಿನ ಮಸಿ ತೊಳೆಯಲು ಕತ್ತೆ ದುಡಿದಂತೆ ದುಡಿದಿದ್ದ. ಈಗ ತಾನೇ ಅದನ್ನು ಮತ್ತೆ ಮುಖಕ್ಕೆ ಬಳಿದುಕೊಳ್ಳಬೇಕೇ? ಆದರೆ ತೋಳು ಹಿಡಿದ ಆ ಕೈ ಸಡಿಲವಾಗಲಿಲ್ಲ. ಭಾವ ಯಾರ ಮುಂದೆಯೂ ಕೈಚಾಚಿದ್ದನ್ನು ಅವನು ನೋಡಿರಲಿಲ್ಲ.

"ಸರಿ, ಹೇಳ್ತೀನಿ. ಆದರೆ ಕಾರು ಇಲ್ಲೇ ಇರುತ್ತೆ. ಕೀಲಿ ನನ್ನ ಹತ್ರ. ಈಗಲೇ ಅಕ್ಕನ್ನ ಕರ್ಕೊಂಡು ಕಣ್ಣಿನ ಡಾಕ್ಟರ ಹತ್ರ ಹೋಗೋಣ. ವಾಸಿ ಆಗೋವರೆಗೂ ಗಾಜು ಬಂದಿಲ್ಲ, ಬಂದಿಲ್ಲ ಅಂತಾನೇ ಇರ್ತೀನಿ. ಒಪ್ಪಿಗೆನಾ?"

ಭಾವ ತಲೆಯಾಡಿಸಿದರು.

ಗಾಜಪ್ಪನ ಕೈಗೆ ಅಂಟು ಮೆತ್ತಿತ್ತು. ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ ಮ್ಯಾನೇಜರಿಗೆ ಕರೆ ಮಾಡಿದ. "ಸಾರ್, ತಪ್ಪು ನಂದೇ. ಬೇರೆ ಗಾಜು ಹಾಕಿಬಿಟ್ಟಿದ್ದೀನಿ. ಸರಿಯಾದ್ದು ಬರೋಕೆ ದಿನ ಹಿಡಿಯುತ್ತೆ."

ಮ್ಯಾನೇಜರು ಬಾಯಿಗೆ ಬಂದಂತೆ ಬೈದರು. ಅತಿಥಿಗಳ ಜೀವದ ಜೊತೆ ಚೆಲ್ಲಾಟವೇ ಎಂದರು. ಗಾಜು ಕೂರಿಸಲು ಬಾರದವನು ಅಂಗಡಿ ಏಕೆ ತೆರೆಯಬೇಕಿತ್ತು ಎಂದರು. ಇನ್ನು ನಮ್ಮ ಒಂದು ಕಾರೂ ನಿನ್ನ ಬಾಗಿಲಿಗೆ ಬರುವುದಿಲ್ಲ ಎಂದರು. ಗಾಜಪ್ಪ ತಲೆ ತಗ್ಗಿಸಿ ಹೂಂ ಸಾರ್, ಹೂಂ ಸಾರ್ ಎನ್ನುತ್ತ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ.

ಭಾವ ಕಾರಿನಿಂದ ಇಳಿದು ಬಂದು ಫೋನಿನ ಮೇಲೆ ಬಗ್ಗಿದರು.

"ಸಾರ್, ನಾನು ಡ್ರೈವರ್ ಮಾತಾಡ್ತಿರೋದು. ಅವನು ಸುಳ್ಳು ಹೇಳ್ತಿದ್ದಾನೆ. ಗಾಜು ಸರಿಯಾಗೇ ಇದೆ. ಎರಡು ಕಾಣ್ತಿರೋದು ನನ್ನ ಕಣ್ಣಿಗೆ. ಕಾರಿಗೆ ಬೇರೆ ಡ್ರೈವರನ್ನ ಕಳಿಸಿ."

ಗಾಜಪ್ಪ ತಡೆಯಲು ಕೈ ಚಾಚಿದ. ಭಾವ ಆ ಕೈಯನ್ನು ಪಕ್ಕಕ್ಕೆ ಸರಿಸಿದರು.

"ಇನ್ನೊಂದು ಮಾತು ಸಾರ್. ಕಾರುಗಳನ್ನ ಇಲ್ಲಿಗೇ ಕಳಿಸಿ. ನನ್ನ ಭಾಮೈದನಷ್ಟು ಚೆನ್ನಾಗಿ ಗಾಜು ಕೂರಿಸೋನನ್ನ ನಾನು ಬೇರೆಲ್ಲೂ ನೋಡಿಲ್ಲ."

ಈ ಮಾತಿಗಾಗಿ ಅಕ್ಕನ ಮದುವೆಯಾದಂದಿನಿಂದ ಕಾದಿದ್ದ ಗಾಜಪ್ಪನಿಗೆ, ಇದನ್ನು ಕೇಳದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.