ಎರಡನೇ ಬದಿಯ ಒಂದು ನಿಮಿಷ

ಈಗಲೇ ಹೇಳಿಬಿಡಬೇಕೆ, ಹಾಡು ಆ ಜಾಗಕ್ಕೆ ಬರುವ ತನಕ ಕಾಯಬೇಕೆ? ಅಸಲಿ ಹಾಡಿನಲ್ಲಿ ನಡುವಿನ ಆ ಒಂದು ನಿಮಿಷದ ಮೌನ ಇರುವುದೇ ಇಲ್ಲ ಎಂಬುದು ಚಂದ್ರಾಮಪ್ಪನೊಬ್ಬನಿಗೇ ಗೊತ್ತಿತ್ತು.

ಶಹಾಪುರದಲ್ಲಿ ಹಿಂದೆ ಟೇಪ್ ರಿಪೇರಿ ಮಾಡುತ್ತಿದ್ದ, ಈಗ ಮೊಬೈಲ್ ಕವರು ಮಾರುವ ತನ್ನ ಅಂಗಡಿಯಲ್ಲಿ, ರಾಜಾಸಾಬ ಇಯರ್‌ಫೋನಿನ ಒಂದು ತುದಿಯನ್ನು ತನ್ನ ಎಡಗಿವಿಗೆ, ಇನ್ನೊಂದನ್ನು ಗೆಳೆಯ ಚಂದ್ರಾಮಪ್ಪನ ಬಲಗಿವಿಗೆ ಸಿಕ್ಕಿಸಿದ.

“ಆ ಹಾಡು ಮಗಳು ಫೋನಿನ್ಯಾಗ ಹುಡುಕಿ ಕೊಟ್ಟಾಳ ಲೇ. ಕಾಲುವಿ ಕ್ಯಾಂಪಿನ ಇಂಜಿನಿಯರ್ ಸಾಹೇಬ್ರ ಕ್ಯಾಸೆಟ್ಟು, ನೆನಪದ ಇಲ್ಲೋ?”

“ಅದ.”

ಮರೆಯುವುದು ಹೇಗೆ? ಎಂಬತ್ತರ ದಶಕದಲ್ಲಿ, ಕಾಲುವೆ ಕಟ್ಟಿಸುತ್ತಿದ್ದ ಆ ಇಂಜಿನಿಯರು ವರ್ಗವಾಗಿ ಹೋಗುವಾಗ ರಾಜಾಸಾಬನಿಗೆ ಕೊಟ್ಟ ಇಂಗ್ಲಿಷ್ ರಾಕ್ ಕ್ಯಾಸೆಟ್ಟು. ತಂತಿಯ ಮೇಲೆ ಬೆರಳು ಸರಿದದ್ದೂ ಕೇಳುವಷ್ಟು ಸ್ವಚ್ಛ ರೆಕಾರ್ಡಿಂಗ್. ಎರಡನೇ ಬದಿಗೆಲ್ಲ ಒಂದೇ ಹಾಡು. ಅದನ್ನು ರಾಜಾಸಾಬ ಇನ್ನೂ ಕೇಳಿರಲಿಲ್ಲ; ಅಷ್ಟರಲ್ಲಿ ಹತ್ತಿರದ ಗೋಗಿಯ ಕಡೆ ಕಾಲುವೆಗೆ ಮೊದಲ ನೀರು ಬಿಟ್ಟರು. ನಡೆಯಲಾಗದ ಅವ್ವನಿಗೆ ನೀರಿನ ಸದ್ದು ಕೇಳಿಸಬೇಕೆಂದು ಚಂದ್ರಾಮಪ್ಪ ಕ್ಯಾಸೆಟ್ಟಿನ ಸಮೇತ ಟೇಪ್ ರೆಕಾರ್ಡರ್ ಕೇಳಿ ಒಯ್ದ. ಎರಡನೇ ಬದಿಯ ಕೊನೆಯಲ್ಲಿ ಖಾಲಿ ಇದ್ದೀತೆಂದುಕೊಂಡವನು, ನೀರು ಕಂಡ ಗಡಿಬಿಡಿಯಲ್ಲಿ, ನಡುವಿಗೆ ನಿಂತಿದ್ದ ಟೇಪನ್ನು ಮುಂದಕ್ಕೆ ಓಡಿಸದೆ ರೆಕಾರ್ಡಿನ ಕೆಂಪು ಗುಂಡಿ ಒತ್ತಿದ. ಮೈಕು ಕೆಟ್ಟಿತ್ತು. ನೀರು ಬಂತು, ಟೇಪಿನಲ್ಲಿ ಬರಲಿಲ್ಲ. ಹಾಡಿನ ನಡುವೆ ಒಂದು ನಿಮಿಷ ಅಳಿಸಿಹೋಯಿತು.

ಅಂದು ಸಂಜೆಯೇ ಟೇಪ್ ರೆಕಾರ್ಡರ್ ಮರಳಿಸಿದ ಚಂದ್ರಾಮಪ್ಪ, ಮರುದಿನ ತಪ್ಪು ಹೇಳಲೆಂದೇ ಬಂದಿದ್ದ. ರಾಜಾಸಾಬ ಆಗಲೇ ಆ ಮೌನ ಕೇಳಿ, ಅದು ಹಾಡಿನದೇ ಎಂದುಕೊಂಡು ಬೆರಗಾಗಿದ್ದ. ಅಂದಿನಿಂದ ಅಂಗಡಿಗೆ ಬಂದವರ ಮುಂದೆಲ್ಲ ಕೈ ಎತ್ತುತ್ತಿದ್ದ: “ಖಾಮೋಶ್! ಈಗ ಬರ್ತದ ನೋಡ್ರಿ. ಬಾರಿಸೋದು ಯಾರರೇ ಬಾರಿಸ್ತಾರ, ನಡುವ ಸುಮ್ನ ಕೂಡಾಕ ಎದಿ ಬೇಕ್ರಿ.” ಹೆಂಡತಿ ಶರೀಫಾಬೀ ತೀರಿಕೊಂಡ ವರ್ಷ, ಮಧ್ಯಾಹ್ನ ಷಟರ್ ಅರ್ಧ ಇಳಿಸಿ ಆ ಒಂದು ನಿಮಿಷವನ್ನೇ ತಿರುತಿರುಗಿ ಕೇಳಿದ.

ಈಗಲೂ ಅವನ ಕೈ ಮೇಲೆದ್ದಿತು. ಚಂದ್ರಾಮಪ್ಪನ ಬಲಗಿವಿಯಲ್ಲಿ ಸದ್ದು ನಿಂತಿತು. ಅರೆಗಳಿಗೆ, ಅಸಲಿ ಹಾಡಿನಲ್ಲೂ ತನ್ನ ತಪ್ಪು ನಿಜವೇ ಆಗಿಬಿಟ್ಟಿತೆ ಅನ್ನಿಸಿತು. ಆದರೆ ರಾಜಾಸಾಬನ ಕೈ ಗಾಳಿಯಲ್ಲೇ ತಡೆಯಿತು. ಗಿಟಾರು ಮೊದಲು ಅವನ ಎಡಗಿವಿಗಷ್ಟೇ ಬಂದಿತ್ತು. ಆಮೇಲೆ ಮೆಲ್ಲಗೆ ಈಚೆ, ಚಂದ್ರಾಮಪ್ಪನ ಕಿವಿಗೂ ದಾಟಿತು. ಚೆಲುವಾಗಿತ್ತು.

“ನಿನಗೂ ಕೇಳಿಸ್ತೇನು?”

“ಹೂಂ.”

ರಾಜಾಸಾಬ ಕೈ ಇಳಿಸಿದ. ಚಂದ್ರಾಮಪ್ಪ ಹೇಳಿಬಿಡಲು ಬಾಯಿ ತೆರೆದ.

“ಆ ಖಾಲಿ ಜಾಗ ತುಂಬ್ಯಾರ ಲೇ,” ಎಂದ ರಾಜಾಸಾಬ. “ಈಗಿನ ಮಂದಿಗೆ ಒಂದ್ ನಿಮಿಷ ಖಾಲಿ ಬಿಡಾಕೂ ಮನಸ್ಸಾಗಿಲ್ಲ ನೋಡು. ನಮ್ದಽ ಅಸಲಿ.” ಗಲ್ಲಾಪೆಟ್ಟಿಗೆಯಿಂದ ಹಳೆಯ ಕ್ಯಾಸೆಟ್ಟು ತೆಗೆದು ಅಂಗಿಯಿಂದ ಒರೆಸಿದ. “ಚಾ ತರಸ್ಲೇನು?”

“ತರಸು.”

ಆ ಒಂದು ನಿಮಿಷ ಅಳಿಸಿದ್ದು ತಾನೇ ಎಂದು ಚಂದ್ರಾಮಪ್ಪ ಅವನಿಗೆ ಎಂದೂ ಹೇಳಲಿಲ್ಲ.