ಹನ್ನೆರಡು ಫೋನುಗಳ ಮಧ್ಯಾಹ್ನ

ನನ್ನ ಕೆಲಸ ಕಾರು ಓಡಿಸುವುದು. ಹಾಗೆಂದರೆ ಜನ ಯಾವ ಸಾಹೇಬರ ಕಾರು ಎಂದು ಕೇಳುತ್ತಾರೆ. ಸಾಹೇಬರು ಯಾರೂ ಇಲ್ಲ, ಹಿಂದಿನ ಸೀಟಿನಲ್ಲಿ ಕೂರುವುದು ಹನ್ನೆರಡು ಮೊಬೈಲ್ ಫೋನುಗಳು. ಊರಿನ ನಾಲ್ಕು ಮೊಬೈಲ್ ಕಂಪನಿಗಳದ್ದು ತಲಾ ಮೂರು, ಆ ನಾಲ್ಕರಲ್ಲೊಂದು ನನಗೆ ಸಂಬಳ ಕೊಡುವ ಕಂಪನಿ. ಒಂದು ಹಲಗೆಗೆ ಬಿಗಿದ ಆ ಫೋನುಗಳು ಬೆಳಗಿನಿಂದ ಸಂಜೆವರೆಗೆ ತಮ್ಮತಮ್ಮಲ್ಲೇ ಕರೆ ಮಾಡಿಕೊಳ್ಳುತ್ತವೆ, ಒಂದು ದೊಡ್ಡ ಫೈಲನ್ನು ಇಳಿಸಿಕೊಂಡು ಅಳಿಸುತ್ತವೆ, ಮತ್ತೆ ಅದನ್ನೇ ಇಳಿಸಿಕೊಳ್ಳುತ್ತವೆ. ಲ್ಯಾಪ್‌ಟಾಪು ನಾವು ಹೋದ ದಾರಿಯುದ್ದಕ್ಕೂ ಚುಕ್ಕಿ ಇಡುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ನಮ್ಮದು ಕೆಂಪಾಗಿ ಎದುರಾಳಿಯದು ಹಸಿರಾದ ದಿನ ಆಫೀಸಿನಲ್ಲಿ ಯಾರಾದರೊಬ್ಬರಿಗೆ ಮಂಗಳಾರತಿ ಆಗುತ್ತದೆ. ನನಗಲ್ಲ, ನನ್ನನ್ನು ಬೈಯಬೇಕಾದರೆ ಮೊದಲು ನಾನು ಅವರ ಕಣ್ಣಿಗೆ ಬೀಳಬೇಕು.

ನನಗಿರುವ ಕಟ್ಟಪ್ಪಣೆ ಒಂದೇ. ಬೆಳಿಗ್ಗೆ ಶುರು ಮಾಡಿದ ಫೋನುಗಳನ್ನು ಸಂಜೆವರೆಗೆ ಆರಿಸಕೂಡದು. ಆರಿಸಿದರೆ ಹನ್ನೆರಡನ್ನೂ ಮತ್ತೆ ಸಾಲಿಗೆ ತರಲು ಮುಕ್ಕಾಲು ಗಂಟೆ ಬೇಕು. ಇನ್ನೊಂದು ಕ್ರಮವೂ ಇದೆ. ಸಿಮ್‌ಗಳನ್ನು ಅಂಗಡಿಗೆ ಹೋಗಿ ಸಾಮಾನ್ಯ ಗ್ರಾಹಕರ ಹಾಗೆ ಕೊಳ್ಳುತ್ತೇವೆ. ಪರೀಕ್ಷೆಯ ಸಿಮ್ ಎಂದು ಗೊತ್ತಾದರೆ ನೆಟ್‌ವರ್ಕು ಬೀಗರು ಬಂದಾಗಿನ ಮನೆಯ ಹಾಗೆ ವರ್ತಿಸುತ್ತದಂತೆ.

ಮನೆಯಲ್ಲಿ ನಾನು ಮತ್ತು ಅಕ್ಕ, ಇಬ್ಬರೇ. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಆಡಿಸಿದವಳು, ಆಮೇಲೆ ಶಾಲೆಯೊಂದರ ಹೆಡ್‌ಮಿಸ್ ಆಗಿ ಇಡೀ ಬೀದಿಯನ್ನು ನಡುಗಿಸಿದವಳು. ಒಂದೂವರೆ ವರ್ಷದ ಹಿಂದೆ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ಒಂದೊಂದೇ ಪದಕ್ಕೆ ಇಳಿಯಿತು, ಸಿಟ್ಟು ಮಾತ್ರ ಇದ್ದಷ್ಟೇ ಉಳಿಯಿತು. ಹಗಲು ನೋಡಿಕೊಳ್ಳಲು ಒಬ್ಬ ಆಯಾ ಬರುತ್ತಾಳೆ. ಅವಳ ಕೈಯಿಂದ ಅಕ್ಕ ನೀರು ಕುಡಿಯುತ್ತಾಳೆ, ತಲೆ ಬಾಚಿಸಿಕೊಳ್ಳುತ್ತಾಳೆ, ಊಟ ಮಾತ್ರ ಮಾಡುವುದಿಲ್ಲ. ಮೊದಲ ದಿನ ಚಮಚ ಬಾಯಿಗಿಟ್ಟಾಗ ಅವಳ ಮುಖಕ್ಕೇ ಉಗಿದಳು. ಮಧ್ಯಾಹ್ನದ ಮಾತ್ರೆ ಊಟದ ಜೊತೆಗೇ ಹೊಟ್ಟೆಗೆ ಹೋಗಬೇಕು, ಹೋಗದಿದ್ದರೆ ಮೂಗಿಗೆ ಕೊಳವೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು ತಿನ್ನಿಸಿದರೆ ಅವಳು ತಿನ್ನುತ್ತಿದ್ದಳು. ಹಾಗಾಗಿ ಒಂದೂವರೆ ವರ್ಷ ದಿನಾ ಹನ್ನೆರಡೂವರೆಗೆ ಕಾರನ್ನು ಮನೆ ಮುಂದೆ ತಂದು ನಿಲ್ಲಿಸಿ ಒಂದು ಗಂಟೆ ಅಕ್ಕನ ಮುಂದೆ ಕೂತೆ. ಹೊರಗೆ ಫೋನುಗಳು ತಮ್ಮ ಪಾಡಿಗೆ ಫೈಲು ಇಳಿಸಿಕೊಳ್ಳುತ್ತಿದ್ದವು. ಆ ಒಂದು ಗಂಟೆ ನನ್ನ ಪಾಲಿಗೆ ದಿನದ ಒಳ್ಳೆಯ ಗಂಟೆ, ಇದನ್ನು ಮುಚ್ಚಿಡುವುದೇನೂ ಇಲ್ಲ.

ಈ ವರ್ಷ ಸರ್ಕಾರ ಹೊಸ ತರಂಗಾಂತರಗಳನ್ನು ಹರಾಜಿಗಿಟ್ಟಿತು. ಅಂದರೆ ಕಣ್ಣಿಗೆ ಕಾಣದ ಗಾಳಿಯನ್ನು ಸೈಟುಗಳ ಹಾಗೆ ಅಳೆದು ಮಾರುವುದು. ಅದರಲ್ಲಿ ಅಗಲವಾದ ತುಂಡು ಎದುರಾಳಿಗೆ ಹೋಗಿಬಿಟ್ಟರೆ ಎಂಬ ಹೆದರಿಕೆಯಿಂದ ನಮ್ಮ ಕಂಪನಿ ಅದನ್ನು ತಾನೇ ಕೊಂಡಿತು. ಕೊಂಡ ಮೇಲೆ ಅದನ್ನು ಎಲ್ಲಿ ಹಾಕುವುದು ಎಂಬ ಯೋಚನೆ ಶುರುವಾಯಿತು. ಮೊದಲ ಕಂತಿನಲ್ಲಿ ನಲವತ್ತು ಟವರುಗಳು. ಎಲ್ಲೆಲ್ಲಿ ಎಂಬುದನ್ನು ಇನ್ನು ಮುಂದೆ ಮನುಷ್ಯರಲ್ಲ, ಕಂಪ್ಯೂಟರು ಆರಿಸುತ್ತದೆ, ತಲಾ ಬಳಕೆ ಹೆಚ್ಚಿರುವ ಕಡೆ ಮೊದಲು ಎಂದು ತೀರ್ಮಾನವಾಯಿತು.

ಲ್ಯಾಪ್‌ಟಾಪು ಕೊಡಲು ಮೀಟಿಂಗಿಗೆ ಹೋದ ನನಗೆ ಮೂಲೆಯಲ್ಲೊಂದು ಕುರ್ಚಿ ಸಿಕ್ಕಿತು. ಪ್ಲಾನಿಂಗ್ ವಿಭಾಗದ ಮುಖ್ಯಸ್ಥೆ ಪಟ್ಟಿ ತೋರಿಸಿದರು. ಮ್ಯಾಪು ಹಸಿರಾಗದೆ ಮನೆಗೆ ಹೋಗುವುದಿಲ್ಲ ಎಂಬ ಕಾರಣಕ್ಕೆ ಅವರನ್ನು ನಾವು ಹಸಿರಮ್ಮ ಅನ್ನುತ್ತೇವೆ, ಅವರ ಬೆನ್ನ ಹಿಂದೆ. ಪಟ್ಟಿಯಲ್ಲಿ ಮೊದಲನೆಯದು ನಮ್ಮ ಬೀದಿ. ಹನ್ನೊಂದು ಮನೆ, ಒಂದು ಬೀಗ ರಿಪೇರಿ ಅಂಗಡಿ, ಕೊನೆಗೊಂದು ಗೋಡೆ, ಅಷ್ಟೇ ನಮ್ಮ ಬೀದಿ. ದಿನಾ ಮಧ್ಯಾಹ್ನ ಅಲ್ಲಿ ಯಾರೋ ವಿಪರೀತ ಡೇಟಾ ಬಳಸುತ್ತಿದ್ದಾರೆ, ಇದು ಗುಟ್ಟಾಗಿ ದೊಡ್ಡ ಕೆಲಸ ಮಾಡುವ ಶ್ರೀಮಂತ ಗ್ರಾಹಕರ ಗುಂಪು ಎಂದು ಒಬ್ಬ ಎಂಜಿನಿಯರು ಆರು ಪುಟದ ವರದಿ ಬರೆದಿದ್ದ. ಆ ಶ್ರೀಮಂತ ಗ್ರಾಹಕರು ಆಗ ಕೆಳಗೆ ಪಾರ್ಕಿಂಗಿನಲ್ಲಿದ್ದರು.

ಕುರ್ಚಿಗೆ ಅಂಟಿಕೊಂಡು ಕೂತೆ, ಬಾಯಿ ಬಿಡಲಿಲ್ಲ. ಬಿಟ್ಟರೆ ಅಕ್ಕನ ಮಧ್ಯಾಹ್ನಕ್ಕೆ ಕಲ್ಲು ಬೀಳುತ್ತಿತ್ತು. ನಲವತ್ತೊಂದನೆಯ ಸಾಲಿನಲ್ಲಿ, ಪಟ್ಟಿಯ ಗೆರೆಯ ಆಚೆಗೆ, ದೊಡ್ಡಾಸ್ಪತ್ರೆಯ ಹಿಂದಿನ ರಸ್ತೆ ಇತ್ತು. ಅದು ನನ್ನ ಬೆಳಗಿನ ದಾರಿ, ಅಲ್ಲಿ ನಾಲ್ಕೂ ಕಂಪನಿಗಳ ಚುಕ್ಕಿ ಕೆಂಪು. ವಾರ್ಡಿನ ನರ್ಸೊಬ್ಬಳು ರೋಗಿಗಳ ಮನೆಯವರಿಗೆ ಫೋನು ಮಾಡಲು ಗೇಟಿನಾಚೆಯ ಕಟ್ಟೆ ಹತ್ತಿ ನಿಲ್ಲುತ್ತಾಳೆ. ನಮ್ಮ ಕಡೆಗೆ ಟವರು ಯಾವಾಗ ಎಂದು ಕಾರು ಕಂಡಾಗಲೆಲ್ಲ ಕೇಳುತ್ತಾಳೆ, ಪಟ್ಟಿಯಲ್ಲಿದೆ ಎಂದು ನಾನೂ ಹೇಳುತ್ತಾ ಬಂದಿದ್ದೆ. ನಮ್ಮ ಬೀದಿ ಇಲ್ಲದಿದ್ದರೆ ಅದು ನಿಜವಾಗುತ್ತಿತ್ತು.

ಎರಡೇ ವಾರದಲ್ಲಿ ಬೀಗ ರಿಪೇರಿಯವನ ತಾರಸಿ ಕೇಳಿಕೊಂಡು ನಾಲ್ಕು ಕಂಪನಿಯವರೂ ಬಂದರು. ಕಾರಿನಲ್ಲಿ ಎದುರಾಳಿಗಳ ಸಿಮ್ಮುಗಳೂ ಇದ್ದವಲ್ಲ, ಅವರ ಕಂಪ್ಯೂಟರುಗಳಿಗೂ ನಮ್ಮ ಬೀದಿಯ ಶ್ರೀಮಂತರು ಕಂಡಿದ್ದರು. ಜೊತೆಗೆ ಒಬ್ಬರು ಬಂದಿದ್ದನ್ನು ನೋಡಿ ಇನ್ನೊಬ್ಬರು ಬಂದಿದ್ದರು. ಬೀಗದವನು ನನ್ನನ್ನು ಕರೆದು, ತನ್ನ ತಾರಸಿಯಲ್ಲಿ ಅಂಥದ್ದೇನಿದೆ ಎಂದು ವಿಚಾರಿಸಿದ. ಗಾಳಿ ಚೆನ್ನಾಗಿದೆ ಎಂದೆ.

ಬುದ್ಧಿವಂತಿಕೆ ಮಾಡಲು ಹೋಗಿ ಮರುವಾರದಿಂದ ಊಟದ ಹೊತ್ತಿಗೆ ಫೋನುಗಳನ್ನು ಆರಿಸತೊಡಗಿದೆ. ಬಳಕೆ ಬಿದ್ದರೆ ಬೀದಿ ತಾನಾಗಿ ಕೆಳಗಿಳಿಯುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬುದು ನನ್ನ ಲೆಕ್ಕಾಚಾರ. ಐದನೇ ದಿನ ಆಫೀಸಿಗೆ ಬೆಂಕಿ ಬಿದ್ದ ಹಾಗಾಗಿತ್ತು. ಶ್ರೀಮಂತ ಗ್ರಾಹಕರನ್ನು ಎದುರಾಳಿ ಎಳೆದುಕೊಂಡು ಹೋಗಿದ್ದಾನೆ, ತಿಂಗಳು ಕಾಯುವುದು ಬೇಡ, ನಾಳೆಯೇ ಟವರು ನೆಡಿ ಎಂದು ಆಜ್ಞೆಯಾಯಿತು. ನಮ್ಮ ಬೀದಿಯ ಮನೆಮನೆಗೆ ರಿಯಾಯಿತಿ ಚೀಟಿ ಹಿಡಿದು ಸೇಲ್ಸಿನವರು ಬಂದರು. ಅಕ್ಕ ಒಬ್ಬನನ್ನು ಒಂದೇ ಪದದಲ್ಲಿ ಓಡಿಸಿದಳು.

ಇನ್ನು ನುಂಗಿಕೊಂಡು ಕೂರಲು ಆಗಲಿಲ್ಲ. ಹಸಿರಮ್ಮನ ಕೋಣೆಗೆ ಹೋಗಿ, ಅಕ್ಕನ ಚಮಚದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಒಂದೂವರೆ ವರ್ಷ?"

"ಭಾನುವಾರ ಬಿಟ್ಟು, ಮೇಡಂ."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಹಗುರವಾಗುತ್ತಿತ್ತು. ಪಟ್ಟಿಗೆ ಮೇಲಿನವರ ಸಹಿ ಬಿದ್ದಿದೆ, ಮೂರು ಎದುರಾಳಿಗಳು ಅಲ್ಲಿ ಕಂಬ ನೆಟ್ಟಿದ್ದಾರೆ, ಈಗ ನಾವು ಬೇಡ ಅಂದರೆ ಹೆದರಿ ಓಡಿದರು ಅನ್ನುತ್ತಾರೆ ಎಂದು ವಿವರಿಸಿದರು. ಹಾಗಾದರೆ ಆಸ್ಪತ್ರೆ ಎಂದು ಕೇಳಿದೆ. ಮೂರು ತಿಂಗಳ ನಂತರ ಹೊಸ ಪಟ್ಟಿ, ಅದೂ ಕಂಪ್ಯೂಟರಿನದೇ, ಈ ಮೂರು ತಿಂಗಳ ಬಳಕೆಯ ಮೇಲೆ. ಅಲ್ಲಿ ಸಿಗ್ನಲ್ ದಿನದಿಂದ ದಿನಕ್ಕೆ ಕೆಡುತ್ತಿದೆ, ಆದ್ದರಿಂದ ಬಳಕೆ ಇಳಿಯುತ್ತಿದೆ, ಆದ್ದರಿಂದ ಟವರಿಲ್ಲ. ಆಮೇಲೆ ಅವರು ಕಿಟಕಿಯ ಕಡೆ ನೋಡಿಕೊಂಡು ಮೆಲ್ಲಗೆ ಮಾತಾಡಿದರು.

"ಡೇಟಾ ಇಳಿಯದೇ ಹೋದ್ರೂ ಫೋನು ಕೇಳಿದ್ದಷ್ಟೂ ಲೆಕ್ಕಕ್ಕೆ ಬರುತ್ತೆ. ನೀವು ಇನ್ಮೇಲೆ ಮಧ್ಯಾಹ್ನ ಎಲ್ಲಿ ಊಟ ಮಾಡ್ತೀರೋ, ಮುಂದಿನ ಟವರ್ ಅಲ್ಲೇ ಬರುತ್ತೆ. ನಾನೇನೂ ಹೇಳಿಲ್ಲ."

ಮರುದಿನ ಮಧ್ಯಾಹ್ನ ಅಕ್ಕನ ಮುಂದೆ ಕೂತೆ. ಚಮಚ ಎತ್ತುವ ಮೊದಲು ಎಲ್ಲ ಹೇಳಿಬಿಟ್ಟೆ. ಆಸ್ಪತ್ರೆ, ಕಟ್ಟೆ ಹತ್ತುವ ನರ್ಸು, ಹಸಿರಮ್ಮ, ಮೂರು ತಿಂಗಳು. ಕೊನೆಗೆ, ನಾನು ಹೋಗುವುದಿಲ್ಲ, ಆಸ್ಪತ್ರೆಯವರಿಗೆ ಬೇರೆ ಯಾರಾದರೂ ದಾರಿ ನೋಡಲಿ ಎಂದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. ಮನೆಪಾಠ ಮಾಡದೆ ಬಂದ ಮಕ್ಕಳನ್ನು ನೋಡುತ್ತಿದ್ದ ನೋಟ ಅದು. ಚಮಚ ಬಾಯಿಯ ಹತ್ತಿರ ಒಯ್ದೆ. ಅವಳು ತುಟಿ ಬಿಗಿದಳು.

ಆಮೇಲೆ ಎಡಗೈ ಚಾಚಿ ಚಮಚವನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಬಟ್ಟಲಿಗೆ ಅದ್ದಿದಳು, ಅರ್ಧ ಮೇಜಿನ ಮೇಲೆ ಚೆಲ್ಲಿತು. ಉಳಿದರ್ಧದಲ್ಲಿ ಸ್ವಲ್ಪ ಗಲ್ಲಕ್ಕೆ ಮೆತ್ತಿತು, ಸ್ವಲ್ಪ ಬಾಯಿಗೆ ಹೋಯಿತು. ಅಗಿದು ನುಂಗಿದಳು, ಮತ್ತೆ ಅದ್ದಿದಳು. ಇದು ಆ ದಿನ ಕಲಿತ ಕೈಯಲ್ಲ ಎಂದು ನನಗೆ ತಿಳಿಯಿತು.

"ಯಾವಾಗಿಂದ ಅಕ್ಕ?"

ಅವಳು ಇನ್ನೊಂದು ಚಮಚ ಬಾಯಿಗಿಟ್ಟಳು. ಬಾಗಿಲಲ್ಲಿದ್ದ ಆಯಾ ನೆಲ ನೋಡಿದಳು. ಮಳೆಗಾಲಕ್ಕಿಂತ ಮುಂಚಿನಿಂದ ಸಂಜೆಯ ತಿಂಡಿಯನ್ನು ಹೀಗೇ ತಿನ್ನುತ್ತಾರೆ, ನಿಮಗೆ ಹೇಳಬೇಡ ಅಂದಿದ್ದರು ಎಂದು ಮೆಲ್ಲಗೆ ಬಾಯಿಬಿಟ್ಟಳು. ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಅಷ್ಟು ದಿನ ನಾನು ಅವಳಿಗೆ ಊಟ ಮಾಡಿಸುತ್ತಿದ್ದೇನೆ ಎಂದುಕೊಂಡಿದ್ದೆ, ಅವಳು ನನ್ನನ್ನು ಮನೆಗೆ ಕರೆಸಿಕೊಳ್ಳುತ್ತಿದ್ದಳು.

"ಹೋಗೋ" ಅಂದಳು ಅಕ್ಕ.

ಮಾರನೆಯ ದಿನ ಹನ್ನೆರಡೂವರೆಗೆ ಕಾರನ್ನು ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಹನ್ನೆರಡೂ ಫೋನುಗಳು ಬಾರದ ಫೈಲನ್ನು ಕೇಳುತ್ತಲೇ ಇದ್ದವು. ನನ್ನ ಡಬ್ಬಿ ಬಿಚ್ಚಿದೆ, ತಿನ್ನಲಾಗಲಿಲ್ಲ. ಅಕ್ಕ ತಿಂದಳೋ, ಮಾತ್ರೆ ಹೋಯಿತೋ ಎಂದು ಆಯಾಳಿಗೆ ಫೋನು ಮಾಡಿದೆ, ಕರೆ ಹೋಗಲಿಲ್ಲ. ಇನ್ನೆರಡು ಸಲ ಪ್ರಯತ್ನಿಸಿ ಕಾರಿನಿಂದ ಇಳಿದೆ. ಕಟ್ಟೆಯ ಮೇಲೆ ನರ್ಸು ಯಾರದೋ ಮನೆಯವರೊಂದಿಗೆ ಮಾತಾಡುತ್ತಿದ್ದಳು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ನಾನೂ ಹತ್ತಿ ನಿಂತು, ಫೋನನ್ನು ಕಿವಿಗೊತ್ತಿಕೊಂಡು ಕಾದೆ.