ಅಂಬಾಬಾಯಿಗೆ ಎಳೆದ ತಂತಿ

ನಿಪ್ಪಾಣಿ ಪೇಟೆಯ ಆಬಾಸಾಹೇಬರ ಸೀರೆ ಅಂಗಡಿಗೆ ಮೂರು ಮಾಳಿಗೆ. ಏರುವುದಕ್ಕೂ ಇಳಿಯುವುದಕ್ಕೂ ಒಂದೇ ಮೆಟ್ಟಿಲು. ಕಿಟಕಿ ಇಲ್ಲದ ಆ ಮೆಟ್ಟಿಲಲ್ಲಿ ಕರೆಂಟು ಹೋಯಿತೆಂದರೆ ನಡುಹಗಲೂ ಅಮಾವಾಸ್ಯೆಯೇ. ಅದಕ್ಕೆಂದೇ ಗೋಡೆಯುದ್ದಕ್ಕೂ ದೀಪ ಕೂರಿಸಿದ್ದರು, ತಿರುವು ತಿರುವಿಗೆ ಹೊರದಾರಿ ತೋರಿಸುವ ಹಸಿರು ಫಲಕ ತೂಗುಹಾಕಿದ್ದರು. ಅವಕ್ಕೆಲ್ಲ ಜೀವ ಕೆಳಗಿನ ಮೂಲೆಯಲ್ಲಿದ್ದ ಒಂದು ಬ್ಯಾಟರಿ ಪೆಟ್ಟಿಗೆ. ಕರೆಂಟು ಹೋದ ಗಳಿಗೆಗೆ ಅದು ತಾನಾಗಿ ದೀಪ ಹಚ್ಚಬೇಕು, ಮಂದಿ ಕೆಳಗಿಳಿಯುವತನಕ ಆರಬಾರದು. ಅಷ್ಟೇ ಅದರ ಧರ್ಮ.

ಅದನ್ನು ನೋಡಿಕೊಳ್ಳುವ ಕೆಲಸ ಆ ವರ್ಷ ಹತ್ತಿರದ ಭೋಜ ಊರಿನ ಭರಮುವಿನ ಪಾಲಿಗೆ ಬಂತು. ಅವನ ಮಗಳು ಭಾಗ್ಯಾ ಅದೇ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಪೈಠಣಿ ಸೀರೆ ಬಿಚ್ಚಿ ತೋರಿಸುವವಳು. ಹೀಗಾಗಿ ಆ ಮೆಟ್ಟಿಲು ಭರಮುವಿಗೆ ಬೇರೆಯವರ ಮೆಟ್ಟಿಲಾಗಿರಲಿಲ್ಲ.

ಅವನಿಗಿಂತ ಮೊದಲಿದ್ದವರು ಪೆಟ್ಟಿಗೆಯ ಗುಂಡಿ ಒತ್ತುತ್ತಿದ್ದರು, ದೀಪ ಮಿನುಗುತ್ತಿತ್ತು, ಚಹಾ ಕುಡಿದು ಹೋಗುತ್ತಿದ್ದರು. ಭರಮು ಹಾಗೆ ಮಾಡಲಿಲ್ಲ. ಅಂಗಡಿಗೆ ರಜೆ ಇದ್ದ ದಿನ ಮೇನ್ ಸ್ವಿಚ್ಚು ತೆಗೆದು, ಮೆಟ್ಟಿಲ ಮೇಲೆ ಕುಳಿತು ಕಾದ. ಎಲೆ ಅಡಿಕೆ ಬಾಯಿಗೆ ಹಾಕಿ ಜಗಿದು ಮುಗಿಸುವಷ್ಟರಲ್ಲಿ ದೀಪಗಳು ಕೆಂಪಾದವು, ಪೆಟ್ಟಿಗೆ ಟಕ್ ಎಂದಿತು, ಎಲ್ಲ ಆರಿದವು. ಮೊದಲ ತಿರುವಿನ ಗೂಡಿನಲ್ಲಿ ಕೊಲ್ಲಾಪುರದ ಅಂಬಾಬಾಯಿಯ ಮೂರ್ತಿ ಇತ್ತು. ಅವಳ ಸುತ್ತಲಿನ ಬಲ್ಬಿನ ಸರ ಮಾತ್ರ ಉರಿಯುತ್ತಲೇ ಇತ್ತು.

ಭರಮು ಮೊದಲು ಕೈಮುಗಿದ. ಆಮೇಲೆ ತಂತಿ ಹಿಡಿದು ನಡೆದ. ಅದು ನೇರ ಬ್ಯಾಟರಿಯ ಕೊರಳಿಗೇ ಬಂದು ಸುತ್ತಿಕೊಂಡಿತ್ತು. ದಿನಾಲೂ ಅಂಗಡಿ ಮುಚ್ಚುವಾಗ ಮೆಟ್ಟಿಲ ದೀಪಗಳ ಗುಂಡಿ ಆರಿಸಿ ಮೇನ್ ತೆಗೆಯುವುದು ಅಲ್ಲಿಯ ರೂಢಿ. ಅಲ್ಲಿಂದ ಬೆಳಗಿನವರೆಗೆ ದೇವಿಯ ಬೆಳಕನ್ನು ಆ ಬ್ಯಾಟರಿಯೇ ಹೊರಬೇಕು. ಹೊತ್ತು ಹೊತ್ತು ಅದು ಮುದಿಯಾಗಿತ್ತು.

ಮರುದಿನ ಗಾದಿಯ ಮೇಲೆ ಕುಳಿತಿದ್ದ ಆಬಾಸಾಹೇಬರ ಮುಂದೆ ನಿಂತು ಎಲ್ಲ ಹೇಳಿದ.

"ಹೌದಪ್ಪಾ, ನಾನ ಹಚ್ಚಿಸೇನಿ. ಗಣಪತಿ ಮಂಟಪಕ್ಕ ಲೈಟ್ ಕಟ್ಟತಾನಲ್ಲ, ಆ ಉತ್ತಮನ ಕಡಿಂದ. ಮೇನ್ ತಗದ ಮ್ಯಾಲ ನಮ್ಮ ಆಯಿ ಅಂಬಾಬಾಯಿ ಕತ್ತಲ್ಯಾಗ ಕುಂಡ್ರಬೇಕೇನು?"

"ಆಯಿಗೆ ಬ್ಯಾರೆ ಸಣ್ಣ ಬ್ಯಾಟರಿ ಹಚ್ಚೂಣ್ರಿ ಸಾವ್ಕಾರ. ಮೆಟ್ಟಲದ್ದಕ್ಕ ಹೊಸಾದು ಹಾಕೂಣು. ನಾಳೆ ಮಂದಿ ಇದ್ದಾಗ ಕರೆಂಟ್ ಹೋದ್ರ..."

"ಅಂಗಡಿ ನಡಸಾಕತ್ತಾಕಿ ಯಾರು? ನೀನೋ, ಆಯಿನೋ? ಆಕಿ ಇರೂತನಕ ಇಲ್ಲಿ ಯಾರಿಗೂ ಏನೂ ಆಗೂದಿಲ್ಲ."

"ಆಯಿಗೆ ಕತ್ತಲದ ಅಂಜಿಕಿ ಇಲ್ರಿ. ಅಂಜಿಕಿ ಇರೂದು ಮಂದಿಗೆ."

ಗಾದಿಯ ಸುತ್ತ ಇದ್ದವರು ನಕ್ಕರು. ಆಬಾಸಾಹೇಬರೂ ನಕ್ಕರು. "ಲೇ ಭರಮ್ಯಾ, ವಾಯರ್ ಹಿಡಿಯಾಂವ ಕೀರ್ತನಿ ಸುರು ಮಾಡಿದೇನು? ನೋಡೂಣಂತ, ದಿವಾಳಿ ಹಬ್ಬ ಆಗ್ಲಿ."

ದಿವಾಳಿಗೇ ಅಲ್ಲವೇ ಅಂಗಡಿ ತುಂಬುವುದು! ಭರಮುವಿಗೆ ತಡೆಯಲಾಗಲಿಲ್ಲ. ಆ ದಿನ ಸಂಜೆ ಹೋಗುವ ಮುಂಚೆ, "ತಾಯಿ, ತಪ್ಪು ಹೊಟ್ಟೆಗೆ ಹಾಕ್ಕೋ" ಎಂದು ಗಲ್ಲ ಗಲ್ಲ ಬಡಿದುಕೊಂಡು ತಂತಿ ಬಿಡಿಸಿದ. ಮೇಲಿನಿಂದ ಇಳಿದು ಬರುತ್ತಿದ್ದ ಭಾಗ್ಯಾ ಅದನ್ನು ನೋಡಿದಳು.

ಬೆಳಿಗ್ಗೆ ಬಾಗಿಲು ತೆಗೆದಾಗ ದೇವಿ ಕತ್ತಲಲ್ಲಿದ್ದಳು. ಅವತ್ತಿನ ಮೊದಲ ಗಿರಾಕಿ ಗಂಟೆಗಟ್ಟಲೆ ಸೀರೆ ಬಿಚ್ಚಿಸಿ ಏನೂ ಕೊಳ್ಳದೆ ಎದ್ದುಹೋದ. ಬೋಣಿಗೆಯೇ ಕೆಟ್ಟ ಮೇಲೆ ಇನ್ನೇನು ಉಳಿಯಿತು? ತಂತಿ ಮುಟ್ಟಿದವರು ಯಾರೆಂದು ಆಬಾಸಾಹೇಬರು ಎಲ್ಲರನ್ನೂ ನಿಲ್ಲಿಸಿ ಕೇಳಿದರು. ಹೇಳಿದವಳು ಭಾಗ್ಯಾ.

ಭರಮುವಿನ ಕೆಲಸ ಹೋಯಿತು. ಮಧ್ಯಾಹ್ನದೊಳಗೆ ಉತ್ತಮ ಬಂದು ತಂತಿಯನ್ನು ಮತ್ತೆ ಕಟ್ಟಿದ.

"ನೀನೂ ಬಿಡು ಆ ಅಂಗಡಿ," ಎಂದ ಭರಮು ಮನೆಯಲ್ಲಿ.

"ಬಿಟ್ಟು? ಅವ್ವನ ಬಾಜೂಕ ಕುಂತು ಬೀಡಿ ಸುತ್ತಲೇನು?" ಭಾಗ್ಯಾ ತಲೆ ಎತ್ತದೆಯೇ ಕೇಳಿದಳು. "ದಿನಾ ಆಯಿಗೆ ಹೂವ ಏರಸಾಕಿ ನಾನು. ಆಕಿ ದೀಪ ತಗದಿ ನೀನು. ನಾ ಸುಳ್ಳ ಹೇಳಬೇಕಿತ್ತೇನಪ್ಪಾ?"

ಹೆಂಡತಿ ಶೇವಂತಾ ರೊಟ್ಟಿ ಬಡಿಯುತ್ತಿದ್ದಳು. ಬಿಸಿ ರೊಟ್ಟಿಯ ತಾಟನ್ನು ಅಪ್ಪ ಮಗಳ ನಡುವೆ ಸರಿಸಿದಳು.

ದಿವಾಳಿಯ ಪೇಟೆ ಜೋರಾಗಿ ನಡೆದಿದ್ದ ಒಂದು ಮಧ್ಯಾಹ್ನ ಅಂಗಡಿಯ ಹೊರಗಿನ ಟ್ರಾನ್ಸ್‌ಫಾರ್ಮರು ಢಬ್ ಎಂದು ಸಿಡಿಯಿತು. ಕರೆಂಟು ಹೋಯಿತು. ಮೇಲಿನ ಮಾಳಿಗೆಯಲ್ಲಿ ಯಾರೋ "ಆಗ್ ಲಾಗ್ಲಿ!" ಎಂದು ಚೀರಿದರು. ಬೆಂಕಿ ಇರಲಿಲ್ಲ. ಆದರೆ ಮಂದಿ ಮೆಟ್ಟಿಲಿಗೆ ನುಗ್ಗಿಯಾಗಿತ್ತು. ಗೋಡೆಯ ದೀಪಗಳು ಒಮ್ಮೆ ಹತ್ತಿದವು, ಮಂದಿ ನಡುವಿಗೆ ಬರುವಷ್ಟರಲ್ಲಿ ಆರಿದವು. ಹಸಿರು ಫಲಕಗಳೂ ಆರಿದವು. ಕತ್ತಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಎಲ್ಲರ ಕೆಳಗೆ ಸಿಕ್ಕವಳು, ಗಿರಾಕಿಯ ಕೂಸನ್ನು ಎತ್ತಿಕೊಂಡು ಇಳಿಯುತ್ತಿದ್ದ ಭಾಗ್ಯಾ.

ಕೂಸು ಉಳಿಯಿತು. ಭಾಗ್ಯಾಳ ಮೊಣಕಾಲು ಚೂರಾಯಿತು. ಇನ್ನು ಮೇಲೆ ಬಹಳ ಹೊತ್ತು ನಿಲ್ಲುವ ಕೆಲಸ ಆಗದು ಎಂದರು ಡಾಕ್ಟರು.

ಮುದಿ ಬ್ಯಾಟರಿಗೆ ಮೆಟ್ಟಿಲ ಭಾರ ಹೊರಲಾಗಿರಲಿಲ್ಲ. ಬಲ್ಬಿನ ಸರಕ್ಕೆ ಬೇಕಾಗುವ ಹಿಡಿಯಷ್ಟು ಕಸುವು ಮಾತ್ರ ಅದರಲ್ಲಿ ಉಳಿದಿತ್ತು. ಭರಮುವಿಗೆ ಇದು ಗೊತ್ತು. ಪೇಟೆಗೆ ಗೊತ್ತಾದದ್ದು ಬೇರೆ: ಅಷ್ಟು ಕತ್ತಲಲ್ಲೂ ಅಂಬಾಬಾಯಿಯ ದೀಪ ಆರಲಿಲ್ಲ, ಒಂದು ಜೀವವನ್ನೂ ಹೋಗಗೊಡಲಿಲ್ಲ! ಮಂಗಳವಾರ, ಶುಕ್ರವಾರ ಆ ಗೂಡಿನ ಮುಂದೆ ಹೆಂಗಸರ ಸಾಲು ನಿಂತಿತು. ದರ್ಶನಕ್ಕೆ ಬಂದವರು ಬರಿಗೈಲಿ ಹೋಗಲಿಲ್ಲ, ಸೀರೆ ಕೊಂಡು ಹೋದರು.

ಕಾರ್ತಿಕ ಮುಗಿಯುವ ಹೊತ್ತಿಗೆ ಆಬಾಸಾಹೇಬರು ಭೋಜಕ್ಕೆ ಬಂದರು. ಭಾಗ್ಯಾಳಿಗೆ ಒಂದು ಸೀರೆ, ಮನೆಗೆ ಕಾಯಿ, ದೇವಿಯ ಪೇಢೆ. ಭಾಗ್ಯಾ ಹಾಸಿಗೆಯಿಂದಲೇ ಬಾಗಿ ಕೈಮುಗಿದಳು.

"ಆಯಿ ದೀಪ ಕಾಣ್ತಿತ್ರಿ ಸಾವ್ಕಾರ. ಅದನ್ನ ನೋಡ್ಕೋತ ಜೀವಾ ಹಿಡ್ಕೊಂಡಿದ್ನಿ. ಅದೂ ಇರದಿದ್ರ ಸತ್ತ ಹೋಗ್ತಿದ್ನಿ."

ಆ ದೀಪವೇ ಮೆಟ್ಟಿಲ ಬೆಳಕನ್ನು ತಿಂದದ್ದು ಎಂದು ಭರಮು ಹೇಳಲಿದ್ದ. ಮಗಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದಿಷ್ಟು ಸಮಾಧಾನ ಕಂಡಿತ್ತು. ಅದನ್ನು ಕಿತ್ತುಕೊಂಡು ಅವಳ ಕೈಗೆ ಏನು ಕೊಡುವುದು? ಮುರಿದ ಕಾಲು, ಅದರ ಜೊತೆಗೆ ನಿಜ. ಅವಳ ಕಾಲ ಕೆಳಗಿನ ದಿಂಬು ಸರಿಪಡಿಸಿದ.

"ಭರಮು, ಸಿಟ್ಟ ಬಿಡು," ಎಂದರು ಆಬಾಸಾಹೇಬರು. "ಆಯಿಗೆ ದೊಡ್ಡ ಪ್ರಭಾವಳಿ ಮಾಡಸಾಕತ್ತೇನಿ, ತಿರಗೂದು. ಅದರ ಲೈಟಿನ ಕೆಲಸ ನಿಂದ."

"ಮೆಟ್ಟಲಿಗೆ ಹೊಸಾ ಬ್ಯಾಟರಿ ಹಾಕೀರೇನ್ರಿ?"

"ನೀ ಇನ್ನೂ ಅಲ್ಲೇ ಅದಿಯಲ್ಲೋ!" ಅವರು ಬೇಸರವಿಲ್ಲದೆ ನಕ್ಕರು. "ಹಾಕೂಣು. ಮೊದಲ ಆಯಿದು ಆಗ್ಲಿ."

"ಹಂಗಾದ್ರ ನಾ ಬರೂದಿಲ್ರಿ."

"ಅಪ್ಪಾ, ಸಾಕು ಮಾಡು!" ಭಾಗ್ಯಾ ಸಿಡುಕಿದಳು. "ನನ್ನ ಉಳಿಸಿದಾಕಿ ಸೇವಾ ಅದು. ಅಷ್ಟೂ ಮಾಡಾಕ ಆಗೂದಿಲ್ಲೇನು? ತಗೋ, ಪ್ರಸಾದ ತಗೋ ಮೊದಲ."

ಎಲ್ಲರೂ ನೋಡುತ್ತಿದ್ದರು. ಭರಮು ಎರಡೂ ಕೈಯೊಡ್ಡಿ ಪೇಢೆ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ನುಂಗದೆ ಎದ್ದು ಹಿತ್ತಲಿಗೆ ಹೋದ. ವರ್ಷ ತಪ್ಪದೆ ಕೊಲ್ಲಾಪುರಕ್ಕೆ ಹೋಗಿ ಬರುತ್ತಿದ್ದ ಮನುಷ್ಯ, ಹುಟ್ಟಿದಾರಭ್ಯ ಮೊದಲ ಸಲ, ದೇವಿಯ ಪ್ರಸಾದ ಉಗುಳಿದ.

ಉಗುಳಿದವನು ಹಾಗೇ ಬರಲಿಲ್ಲ. ಯಾರ ಕಾಲೂ ಅದನ್ನು ತುಳಿಯಬಾರದೆಂದು ಕುಕ್ಕರಗಾಲಲ್ಲಿ ಕುಳಿತು, ಬೊಗಸೆಯಿಂದ ಮಣ್ಣು ಮುಚ್ಚತೊಡಗಿದ.